ಅಕ್ಕೋರೇ, ನಾನು ಯಾರು ಹೇಳಿ ನೋಡೋಣ?

ಶಿರಸಿ ಕಡೆಯ ಶಾಲೆಗಳಲ್ಲಿ 36 ವರ್ಷ ಅಕ್ಕೋರಾಗಿದ್ದು ನಿವೃತ್ತಳಾದವಳು ನಾನು. ಈಗ ವಯಸ್ಸು 71. ಪೇಟೆಗೆ ಹೋದರೆ ಯಾರಾದರೊಬ್ಬರು ಅಡ್ಡ ನಿಂತು ಕೇಳುತ್ತಾರೆ: ‘ಅಕ್ಕೋರೇ, ನಾನು ಯಾರು ಹೇಳಿ ನೋಡೋಣ?’ ಉತ್ತರ ಎರಡು ಕ್ಷಣ ತಡವಾದರೆ ಮುಂದಿನ ಪ್ರಶ್ನೆ ಸಿದ್ಧ: ‘ಮರೆವು ಶುರುವಾಯಿತೇ?’ ಹೇಳಿ ಹೇಳಿ ಬಾಯಿ ಸೋತಿದೆ. ಇನ್ನು ಮುಂದೆ ಇದನ್ನು ಓದಿಕೊಳ್ಳಿ.

ಮೊದಲು ಆ ‘ಹೇಳಿ ನೋಡೋಣ’ ಬಿಡಿ. ಬಾಯಿಲೆಕ್ಕ ಕೇಳಿದ ಸೇಡನ್ನು ಹೀಗೆ ತೀರಿಸಿಕೊಳ್ಳಬಾರದು. ನಾನು ಕೊನೆಯ ಸಲ ನೋಡಿದಾಗ ನಿಮಗೆ ಹತ್ತು ವರ್ಷ. ಮೀಸೆ ಇರಲಿಲ್ಲ, ಈ ಹೊಟ್ಟೆಯಂತೂ ಇರಲೇ ಇಲ್ಲ.

ಕಳೆದ ಮಾರಿ ಜಾತ್ರೆಯಲ್ಲಿ ಬಿಡಕಿಬೈಲಿನ ಗದ್ದುಗೆಯಲ್ಲಿ ಉಡಿ ತುಂಬಿ ಹೊರಗೆ ಬಂದಿದ್ದೆ. ಒಂದು ಕೈಯಲ್ಲಿ ಪ್ರಸಾದ, ಇನ್ನೊಂದರಲ್ಲಿ ಬಳೆ ಅಂಗಡಿಯ ಕಡೆಗೆ ಜಗ್ಗುವ ಮೊಮ್ಮಗಳು, ತಲೆಯ ಮೇಲೆ ಧ್ವನಿವರ್ಧಕ. ಐವತ್ತರ ಆಸುಪಾಸಿನ ಒಬ್ಬ ಎದುರು ನಿಂತು ಅದೇ ಪ್ರಶ್ನೆ ಕೇಳಿದ. ಮುಖ ಗೊತ್ತು, ಹೆಸರು ನಾಲಿಗೆಯ ತುದಿಯಲ್ಲಿದೆ, ಹೊರಗೆ ಬರುತ್ತಿಲ್ಲ. ಅವನು ಹೆಂಡತಿಯ ಕಡೆ ತಿರುಗಿ, ನನಗೆ ಕೇಳಿಸುವಷ್ಟೇ ಮೆಲ್ಲಗೆ, ‘ಪಾಪ, ತಲೆಗೆ ಬಂದುಬಿಟ್ಟಿದೆ’ ಎಂದ. ಒಂದೆಲಗ ತಿನ್ನಿ ಎಂದು ಸಲಹೆಯನ್ನೂ ಕೊಟ್ಟ. ಒಂದೆಲಗದ ತಂಬುಳಿ ಉಂಡೇ ಬೆಳೆದವಳಿಗೆ!

ತಲೆಗೆ ಬಂದದ್ದು ಇಷ್ಟೇ. ವಯಸ್ಸಾದ ಮಿದುಳು ಎರಡು ಕೆಲಸವನ್ನು ಒಟ್ಟಿಗೆ ಮಾಡಲು, ಗದ್ದಲವನ್ನು ಬದಿಗೊತ್ತಲು ತಿಣುಕುತ್ತದೆ. ಹುಡುಕಿದ್ದು ಸಿಗುತ್ತದೆ, ನಿಧಾನವಾಗಿ. ಆ ನಿಧಾನವಾದರೂ ಅರವತ್ತಕ್ಕೆ ಬಂದಿಳಿಯುವುದಲ್ಲ, ಮೂವತ್ತರ ಹೊತ್ತಿಗೇ ಶುರುವಾಗಿರುತ್ತದೆ; ಆದ್ದರಿಂದ ನಗುವವರು ಸ್ವಲ್ಪ ತಡೆಯಿರಿ. ಶಬ್ದಭಂಡಾರ ಮಾತ್ರ ಅರವತ್ತು ದಾಟಿದರೂ ಬೆಳೆಯಬಲ್ಲದು. ಪದಬಂಧಕ್ಕೆ ನನ್ನೆದುರು ಕುಳಿತು ನೋಡಿ. ಎಲ್ಲಕ್ಕಿಂತ ಮೊದಲು ಕೈಕೊಡುವುದು ಹೆಸರು. ‘ಬಡಿಗ’ ಎಂದರೆ ಉಳಿ, ಹಲಗೆ, ಮರದ ಹುಡಿ ಕಣ್ಣಿಗೆ ಬರುತ್ತವೆ. ‘ಗಣಪತಿ’ ಎಂದರೆ? ನಮ್ಮ ಕಡೆ ತರಗತಿಗೆ ನಾಲ್ವರು ಗಣಪತಿಗಳು.

ಹೌದು, ವೈದ್ಯರಿಗೆ ತೋರಿಸಿದ್ದೇನೆ. ಥೈರಾಯ್ಡ್ ಸರಿ ಇದೆ. ಬಿ12 ಕಡಿಮೆ ಇತ್ತು. ಮಾಂಸ ಮೀನು ತಿನ್ನದವರಲ್ಲಿ ಅದು ಸಾಮಾನ್ಯ, ಮರೆವಿಗೂ ಕಾರಣವಾಗಬಲ್ಲದು. ಚುಚ್ಚುಮದ್ದು ಕೊಟ್ಟರು. ಎಡಗಿವಿ ಮಂದ. ಅಂದರೆ ನಾನು ಮರೆತೆನೆಂದು ಮನೆಯವರು ಹೇಳುವ ಮಾತುಗಳಲ್ಲಿ ಅರ್ಧ ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ಕನ್ನಡಕ ಫ್ರಿಜ್ಜಿನಲ್ಲಿ ಸಿಕ್ಕಿದ್ದು ನಿಜ. ಅದನ್ನು ಊರಿಗೆಲ್ಲ ಹೇಳುವ ಅಗತ್ಯ ಇರಲಿಲ್ಲ.

ಕಾಯಿಲೆಯ ಮರೆವನ್ನು ನಾನು ಹತ್ತಿರದಿಂದ ಕಂಡವಳು. ನಮ್ಮ ಅತ್ತೆ ಐವತ್ತು ವರ್ಷ ನಡೆದ ದಾರಿಯಲ್ಲಿ ನಿಂತು ‘ಇದು ಯಾರ ತೋಟ?’ ಎಂದು ಕೇಳಿದರು. ಕೊಯ್ಲು ಮುಗಿದ ಮೇಲೂ ಹತ್ತು ನಿಮಿಷಕ್ಕೊಮ್ಮೆ, ಅಡಿಕೆ ಕೊನೆ ಕೊಯ್ಯುವವನನ್ನು ನೆನೆದು, ‘ಕೊನೆಗೌಡ ಬಂದನೇ?’ ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಕವಳದ ಬಟ್ಟಲು ಎದುರಿಗಿಟ್ಟುಕೊಂಡು, ಎಲೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತ, ಮುಂದೇನು ಮಾಡಬೇಕೆಂದು ತೋಚದೆ ಕುಳಿತೇ ಇದ್ದರು. ನಾನೇ ಸುಣ್ಣ ಹಚ್ಚಿ ಮಡಿಸಿ ಕೊಟ್ಟೆ. ಜಾತ್ರೆಯಲ್ಲಿ ‘ಪಾಪ’ ಎಂದವನಿಗೆ ಇದು ಗೊತ್ತಿಲ್ಲ.

ಅವನು ‘ಆಗ ನಾನು ಹೇಗಿದ್ದೆ?’ ಎಂದು ಕೇಳಿದ್ದರೆ ಅಲ್ಲೇ ನಿಂತು ಹೇಳುತ್ತಿದ್ದೆ. ಮಳೆಗಾಲದಲ್ಲಿ ನೀನು ಕಂಬಳಿಕೊಪ್ಪೆ ಹೊದ್ದು ಬರುತ್ತಿದ್ದೆ. ಕೊಪ್ಪೆಯೊಳಗೆ ನಿನ್ನ ಪಾಟಿಚೀಲದ ಜೊತೆ ತಂಗಿಯದೂ ಇರುತ್ತಿತ್ತು, ಏಕೆಂದರೆ ಹಳ್ಳದ ಕಾಲುಸಂಕ ದಾಟುವಾಗ ಅವಳಿಗೆ ಎರಡೂ ಕೈ ಬೇಕಿತ್ತು. ‘ಳ’ ಬರೆಯಲು ನಾಲ್ಕನೆಯ ತರಗತಿಯವರೆಗೂ ಬರಲಿಲ್ಲ. ‘ಮಲೆ ಬಂತು’ ಎಂದೇ ಬರೆಯುತ್ತಿದ್ದೆ.

ಹೆಸರು ಎರಡು ದಿನ ಬಿಟ್ಟು ಬಂತು, ತಂಬುಳಿಗೆ ರುಬ್ಬುವಾಗ, ಇನಿಶಿಯಲ್ ಸಮೇತ. ಒಂದೆಲಗದ ಮಹಿಮೆ ಎನ್ನಬೇಡಿ. ಮಿಕ್ಸಿ ನಿಲ್ಲಿಸಿದ ಮೇಲೆ ಬಂದದ್ದು. ಅದನ್ನು ಇಲ್ಲಿ ಬರೆಯುವುದಿಲ್ಲ. ಬೇಕಿದ್ದರೆ ಮನೆಗೆ ಬಂದು ಕೇಳಲಿ. ಬರುವಾಗ ನನ್ನ ಹೆಸರನ್ನು ನೆನಪು ಮಾಡಿಕೊಂಡು ಬರಲಿ. ಅವತ್ತು ಹೆಂಡತಿಗೆ ನನ್ನ ಪರಿಚಯ ಮಾಡಿಕೊಡುವಾಗ ‘ಇವರು ನಮ್ಮ ಅಕ್ಕೋರು’ ಎಂದು ಹೇಳಿ, ಮುಂದೆ ತೋಚದೆ ಪ್ರಸಾದದ ಚೀಲ ನೋಡುತ್ತಿದ್ದ.