ಕಳ್ಕೊಳ್ದೇ ಹುಡುಕೋದು

ತುಮಕೂರಿನ ಬಳಿಯ ನಾಮದ ಚಿಲುಮೆ ಹತ್ತಿರ ಗೆಳೆಯ ಒಂದು ಜಿಯೋಕ್ಯಾಶ್ ಡಬ್ಬಿ ಬಚ್ಚಿಟ್ಟಿದ್ದ. ಒಬ್ಬರು ಬಚ್ಚಿಟ್ಟದ್ದನ್ನು ಇನ್ನೊಬ್ಬರು ಜಿಪಿಎಸ್ ಗುರುತು ಹಿಡಿದು ಹುಡುಕೋ ಆಟ ಇದು. ಇವತ್ತು ಹುಡುಕಲು ಹೋಗಿದ್ದೆ.

ಮರದ ಕೆಳಗೆ ನಾನು ಅಲ್ಲಾಡದೆ ನಿಂತಿದ್ದೇನೆ. ಫೋನಿನ ಮ್ಯಾಪಿನಲ್ಲಿ ನಾನಿರೋ ಜಾಗ ತೋರಿಸೋ ನೀಲಿ ಚುಕ್ಕೆ ಮಾತ್ರ ಕುಡಿದವನ ಹಾಗೆ ತೂರಾಡುತ್ತಿದೆ. ಒಮ್ಮೆ 6 ಮೀಟರ್ ಎಡಕ್ಕೆ. ಒಮ್ಮೆ 15 ಮೀಟರ್, ಬಂಡೆಯಾಚೆ.

ಪಾಪ, ಅದರ ತಪ್ಪೂ ಅಲ್ಲ. ಸುಮಾರು 20,000 ಕಿಲೋಮೀಟರ್ ಮೇಲಿರೋ ಜಿಪಿಎಸ್ ಉಪಗ್ರಹಗಳಿಂದ ಬರೋ ಬಡಕಲು ಸಿಗ್ನಲ್. ಎಲೆಯಲ್ಲಿರೋ ನೀರು ಒಂದಿಷ್ಟು ನುಂಗುತ್ತದೆ. ಕಾಂಡಕ್ಕೆ, ಬಂಡೆಗೆ ಬಡಿದದ್ದು ಸುತ್ತಿ ಬಳಸಿ ತಡವಾಗಿ ಬರುತ್ತದೆ. ಫೋನು ಅದನ್ನೂ ನಂಬಿಬಿಡುತ್ತದೆ!

ಕೊನೆಗೆ ಬಯಲಿಗೆ ಬಂದೆ. ಫೋನು ಆಕಾಶಕ್ಕೆ ಹಿಡಿದು ಐದು ನಿಮಿಷ ಸುಮ್ನೆ ನಿಂತೆ. ಚುಕ್ಕೆ ತಣ್ಣಗಾಯಿತು. ಅಲ್ಲಿಂದ ಡಬ್ಬಿಗೆ ಈಶಾನ್ಯಕ್ಕೆ 30 ಮೀಟರ್. ಫೋನು ಜೇಬಿಗೆ ಹಾಕಿ ಹೆಜ್ಜೆ ಎಣಿಸಿಕೊಂಡು ಹೊರಟೆ.

ಸೌತೆಕಾಯಿ ಮಾರೋ ಅಜ್ಜಿ ಆಗಿನಿಂದ ನೋಡ್ತಾ ಇದ್ದರು.

"ಏನ್ ಕಳ್ಕೊಂಡ್ಯೋ ಮಗಾ?"

"ಏನೂ ಇಲ್ಲಜ್ಜಿ, ಸುಮ್ನೆ ಹುಡುಕ್ತಿದೀನಿ."

"ಕಳ್ಕೊಳ್ದೇ ಹುಡುಕ್ತೀಯಾ?"

ಉತ್ತರ ಹೊಳೆಯಲಿಲ್ಲ. ಸೌತೆಕಾಯಿ ತಗೊಂಡೆ, ಉಪ್ಪು ಖಾರ ಜಾಸ್ತಿ ಹಾಕಿಸಿಕೊಂಡು.

ಡಬ್ಬಿ ಬೇರಿನ ಸಂದಿಯಲ್ಲಿತ್ತು. ಒಳಗೆ ಒಂದು ಚೀಟಿ, ಮೊಂಡು ಪೆನ್ಸಿಲ್. ಹೆಸರು ಬರೆದು ಇದ್ದಲ್ಲೇ ಇಟ್ಟೆ.

ತುಮಕೂರು ತಲುಪುವ ತನಕ ತಲೆಯಲ್ಲಿ ಅಜ್ಜಿಯ ಪ್ರಶ್ನೆಯೇ.