ತಾರಸಿಯ ಬಿಸಿನೀರಿನ ಟಬ್ಬು

ಎರಡು ವರ್ಷಗಳ ಹಿಂದೆ ತಾರಸಿಯಲ್ಲಿ ಬಿಸಿನೀರಿನ ಟಬ್ಬು ಇಡಿಸುವಾಗ ಬೆಲೆಯನ್ನಷ್ಟೇ ಲೆಕ್ಕ ಹಾಕಿದ್ದ ನನಗೆ, 1000 ಲೀಟರ್ ನೀರೆಂದರೆ ಒಂದು ಟನ್ ಭಾರ ಎಂಬುದನ್ನು ಎಂಜಿನಿಯರ್ ನೆನಪಿಸಬೇಕಾಯಿತು. ಈ ವಾರ ಅದರ ಹೀಟರ್ ಪದೇ ಪದೇ ತಾನಾಗಿಯೇ ನಿಲ್ಲತೊಡಗಿತು. ಹೀಟರೇ ಕೆಟ್ಟಿದೆಯೆಂದು ನಂಬಿ ಹೊಸದನ್ನು ತರಿಸಲು ಹೊರಟಿದ್ದೆ. ಫಿಲ್ಟರ್ ತೆಗೆದು ನೋಡಿದರೆ ಅದರ ಮಡಿಕೆಗಳೆಲ್ಲ ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ ಬೆಳ್ಳಗೆ ಗಟ್ಟಿಯಾಗಿದ್ದವು. ನೀರಿನ ಹರಿವು ತಗ್ಗಿದರೆ, ಸುರುಳಿ ಸುಟ್ಟುಹೋಗದಿರಲೆಂದು ಯಂತ್ರವೇ ಹೀಟರನ್ನು ಆರಿಸಿಬಿಡುತ್ತದೆ. ಗಡಸು ನೀರು ಬಿಸಿಯಾದಷ್ಟೂ, ನೀರಿನ ಕ್ಷಾರತೆ ತೋರುವ ಪಿಎಚ್ 7.8ನ್ನು ದಾಟಿದಷ್ಟೂ ಸುಣ್ಣ ಬೇಗ ಕಟ್ಟುತ್ತದೆ. ಪಿಎಚ್ ಏರಿದರೆ, ರೋಗಾಣು ಕೊಲ್ಲಲು ನೀರಿಗೆ ಹಾಕುವ ಕ್ಲೋರಿನ್ನಿನ ಶಕ್ತಿಯೂ ಕುಂದುತ್ತದೆ.

ಫಿಲ್ಟರನ್ನು ಕ್ಲೋರಿನ್ ಉಳಿಯದಂತೆ ತೊಳೆದು, ನೀರು ಬೆರೆಸಿದ ವಿನೆಗರ್‌ನಲ್ಲಿ ರಾತ್ರಿಯಿಡೀ ನೆನೆಸಿದ ಮೇಲೆ ಎಲ್ಲವೂ ಸರಿಹೋಯಿತು. ಇನ್ನು ಕಾವೇರಿ ನೀರನ್ನೇ ತುಂಬಿಸೋಣವೆಂದರೆ, ಸುಮಾರು ನೂರು ಕಿಲೋಮೀಟರ್ ದೂರದಿಂದ ಬೆಟ್ಟದಷ್ಟು ಎತ್ತರಕ್ಕೆ ಪಂಪ್ ಮಾಡಿ ತಂದ ನೀರಿನಲ್ಲಿ ಕಾಲು ಚಾಚಿ ಕೂರಲು ತುಸು ಸಂಕೋಚವಾಗುತ್ತದೆ.

ಅಮ್ಮ ಮಾತ್ರ, "ನಾವು ನೀರು ತುಂಬುವ ಹಬ್ಬಕ್ಕೆ ವರ್ಷಕ್ಕೊಮ್ಮೆ ಹುಣಸೆಹಣ್ಣು ಹಾಕಿ ಹಂಡೆ ತಿಕ್ಕುತ್ತಿದ್ದೆವು, ನಿನ್ನದು ವಾರಕ್ಕೊಂದು ಹಬ್ಬವಪ್ಪ" ಎಂದು ನಗುತ್ತಾರೆ.