ತೀರ್ಪು ಬಂದ ದಿನ ನಾನು ಬೂತಿನಲ್ಲಿದ್ದೆ

2024ರ ಏಪ್ರಿಲ್ 26, ಶುಕ್ರವಾರ. ಕರ್ನಾಟಕದಲ್ಲಿ ಲೋಕಸಭೆ ಚುನಾವಣೆಯ ಮೊದಲ ಸುತ್ತು, 14 ಕ್ಷೇತ್ರಗಳಲ್ಲಿ ಮತದಾನ. ಅದೇ ಬೆಳಿಗ್ಗೆ ದೆಹಲಿಯಲ್ಲಿ ಸುಪ್ರೀಂ ಕೋರ್ಟ್ ಇವಿಎಂ-ವಿವಿಪ್ಯಾಟ್ ಕೇಸಿನ ತೀರ್ಪು ಕೊಟ್ಟಿತು. ಇವಿಎಂ ಅಂದ್ರೆ ಓಟಿನ ಯಂತ್ರ, ವಿವಿಪ್ಯಾಟ್ ಅಂದ್ರೆ ನಾವು ಒತ್ತಿದ ಗುರುತನ್ನ ಚೀಟಿಯಲ್ಲಿ ಅಚ್ಚು ಹಾಕಿ ತೋರಿಸೋ ಪೆಟ್ಟಿಗೆ. ಆ ಚೀಟಿಗಳನ್ನೆಲ್ಲ ಎಣಿಸಿ, ಇಲ್ಲ ಬ್ಯಾಲೆಟ್ ಪೇಪರಿಗೆ ವಾಪಸ್ ಹೋಗಿ ಅನ್ನೋದು ಕೇಸು. ನಾನು ಆವತ್ತು ಮಂಡ್ಯ ಕ್ಷೇತ್ರದ ಒಂದು ಹಳ್ಳಿ ಶಾಲೆಯಲ್ಲಿ ಪಿಆರ್‌ಒ, ಮತಗಟ್ಟೆಯ ಅಧ್ಯಕ್ಷಾಧಿಕಾರಿ. ದೇಶವೆಲ್ಲ ಯಾವ ಯಂತ್ರದ ಬಗ್ಗೆ ಜಗಳ ಆಡ್ತಿತ್ತೋ ಅದು ನನ್ನ ಮುಂದೆ ಮೇಜಿನ ಮೇಲೆ ಕೂತಿತ್ತು.

ಹಿಂದಿನ ದಿನದ ಮಸ್ಟರಿಂಗ್, ಬಸ್ಸು, ಕ್ಲಾಸ್ ರೂಮಿನ ನೆಲದ ಮೇಲೆ ನಿದ್ದೆ, ಇದೆಲ್ಲ ಚುನಾವಣಾ ಡ್ಯೂಟಿ ಮಾಡಿದ ಎಲ್ಲ ಮೇಷ್ಟ್ರಿಗೂ ಗೊತ್ತಿರೋದೇ. ಬಿಡಿ. ನಾನು ಹೇಳಬೇಕಾಗಿರೋದು ಬೆಳಿಗ್ಗೆ ಐದೂವರೆಯ ಮಾಕ್ ಪೋಲ್ ಬಗ್ಗೆ.

ನಿಜವಾದ ಮತದಾನ ಶುರುವಾಗೋದಕ್ಕೆ 90 ನಿಮಿಷ ಮುಂಚೆ, ಪಕ್ಷಗಳ ಏಜೆಂಟರ ಎದುರು, ಯಂತ್ರದಲ್ಲಿ ಕನಿಷ್ಠ 50 ಓಟು ಹಾಕಿ ನೋಡಬೇಕು. ನೋಟಾ ಸೇರಿ ಎಲ್ಲ ಬಟನ್ನೂ ಒತ್ತಬೇಕು. ಆಮೇಲೆ ಕ್ಲೋಸ್, ರಿಸಲ್ಟ್. ಯಂತ್ರ ಹೇಳಿದ ಲೆಕ್ಕಕ್ಕೂ ವಿವಿಪ್ಯಾಟ್‌ನಿಂದ ಬಿದ್ದ ಚೀಟಿಗಳಿಗೂ ತಾಳೆ ಆಗಬೇಕು. ಆದ ಮೇಲೆ ಕ್ಲಿಯರ್ ಒತ್ತಿ ಎಲ್ಲ ಸೊನ್ನೆ ಮಾಡಿ, ಚೀಟಿಗಳನ್ನ ಕಪ್ಪು ಕವರಿಗೆ ಹಾಕಿ ಸೀಲ್. ಯಂತ್ರದ ಮೇಲೆ ಅನುಮಾನ ಇದ್ದವರಿಗೆ ಇದಕ್ಕಿಂತ ಒಳ್ಳೆ ಸಮಯ ಬೇರೆ ಇಲ್ಲ. ಏಜೆಂಟರು ಬರದಿದ್ದರೆ 15 ನಿಮಿಷ ಕಾದು ನಾವೇ ಶುರು ಮಾಡಬೇಕು. ನಾನು ಕಾದೆ. ಇಬ್ಬರು ಬಂದರು. ಇಬ್ಬರ ಕಣ್ಣಲ್ಲೂ ನಿದ್ದೆ. ಚೀಟಿ ಎಣಿಸಿ ಅಂತ ಕೊಟ್ಟರೆ ಒಬ್ಬ ಏನಂದ ಗೊತ್ತಾ?

"ನೀವು ಎಣಿಸಿದ್ದೀರಲ್ಲ ಮೇಷ್ಟ್ರೇ, ಸೈನ್ ಎಲ್ಲಿ ಹಾಕ್ಬೇಕು ಹೇಳಿ."

ಹಾಕಿದ. ಏಳು ಗಂಟೆಗೆ ಸಾಲು ಶುರುವಾಯ್ತು.

ಹನ್ನೊಂದರ ಸುಮಾರಿಗೆ ಬದಲಿ ಏಜೆಂಟ್ ಒಬ್ಬ ಬಂದ. ಒಳಗೆ ಫೋನ್ ತರೋ ಹಾಗಿಲ್ಲ, ಆದ್ದರಿಂದ ಸುದ್ದಿ ಬಾಯಲ್ಲೇ ಬಂತು. "ಕೋರ್ಟು ಎಲ್ಲಾ ವಜಾ ಮಾಡ್ತಂತೆ." ಆ ಕಡೆ ಕೂತಿದ್ದ ಇನ್ನೊಂದು ಪಕ್ಷದವನು ನಕ್ಕ, ಈ ಕಡೆಯವನು ಗೊಣಗಿದ. ಎರಡು ನಿಮಿಷ ಮಾತಿಗೆ ಮಾತು ಬೆಳೆದಾಗ ಸುಮ್ನಿರ್ರಪ್ಪಾ ಅಂತ ಗದರಿಸಬೇಕಾಯ್ತು.

ತೀರ್ಪನ್ನ ನಾನು ಮನೆಗೆ ಬಂದು ಓದಿದ್ದು. ನ್ಯಾಯಮೂರ್ತಿಗಳಾದ ಸಂಜೀವ್ ಖನ್ನಾ ಮತ್ತು ದೀಪಂಕರ್ ದತ್ತ ಅವರ ಪೀಠ. ಹಳೇ ಬ್ಯಾಲೆಟ್ ಪೇಪರಿಗೆ ವಾಪಸ್ ಹೋಗೋದು ಬೇಡ, ಎಲ್ಲ ಚೀಟಿ ಎಣಿಸೋದೂ ಬೇಡ, ಚೀಟಿಯನ್ನ ಮತದಾರನ ಕೈಗೆ ಕೊಡೋದೂ ಬೇಡ ಅಂದರು. ಆದರೆ ಎರಡು ಹೊಸ ಕಟ್ಟುಪಾಡು ಹಾಕಿದರು. ವಿವಿಪ್ಯಾಟ್‌ಗೆ ಅಭ್ಯರ್ಥಿಗಳ ಚಿಹ್ನೆ ತುಂಬಿಸೋ ಯೂನಿಟ್ಟುಗಳನ್ನ ಫಲಿತಾಂಶ ಬಂದ ಮೇಲೂ 45 ದಿನ ಸೀಲ್ ಮಾಡಿ ಇಡಬೇಕು. ಎರಡನೇ ಮತ್ತು ಮೂರನೇ ಸ್ಥಾನ ಬಂದವರು 7 ದಿನದೊಳಗೆ ಕೇಳಿದರೆ ಶೇ. 5ರಷ್ಟು ಯಂತ್ರಗಳನ್ನ ತಪಾಸಣೆ ಮಾಡಬೇಕು, ಖರ್ಚು ಕೇಳಿದವರದು.

ಇದೇನು ಕೋರ್ಟು ಮೊದಲ ಸಲ ಈ ಯಂತ್ರಕ್ಕೆ ಕೈ ಹಾಕಿದ್ದಲ್ಲ. 1982ರಲ್ಲಿ ಕೇರಳದ ಪರವೂರಿನಲ್ಲಿ ಇವಿಎಂ ಮೊದಲ ಸಲ ಬಳಸಿದಾಗ, ಕಾನೂನಿನಲ್ಲಿ ಇದಕ್ಕೆ ಜಾಗವೇ ಇಲ್ಲ ಅಂತ 1984ರಲ್ಲಿ ಸುಪ್ರೀಂ ಕೋರ್ಟೇ ಅಲ್ಲಿನ 50 ಬೂತುಗಳಲ್ಲಿ ಮರುಮತದಾನ ಮಾಡಿಸಿತ್ತು. ವಿವಿಪ್ಯಾಟ್ ಬೇಕೇ ಬೇಕು ಅಂದಿದ್ದೂ 2013ರಲ್ಲಿ ಇದೇ ಕೋರ್ಟು. 2019ರಲ್ಲಿ 21 ಪಕ್ಷಗಳು ಅರ್ಧದಷ್ಟು ಚೀಟಿ ಎಣಿಸಿ ಅಂತ ಹೋದಾಗ ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ 5 ಬೂತು ಅಂತ ಮಾಡಿದ್ದೂ ಅದೇ. ಹಾಗಾಗಿ ಕೋರ್ಟಿಗೆ ಹೋಗಿದ್ದೇ ತಪ್ಪು ಅನ್ನೋರ ಜೊತೆ ನಾನಿಲ್ಲ. ನನ್ನ ಸಿಟ್ಟು ಬೇರೆ. ಕೋರ್ಟಿನಲ್ಲಿ ದೊಡ್ಡ ವಕೀಲರನ್ನ ನಿಲ್ಲಿಸೋ ಪಕ್ಷಗಳು ಬೂತಿನಲ್ಲಿ ಚೀಟಿ ಎಣಿಸೋಕೆ ಒಬ್ಬ ಎಚ್ಚರ ಇರೋ ಹುಡುಗನನ್ನ ಕೂರಿಸಲ್ಲ. ಕೋರ್ಟು ಕೇಳೋದು ಸಾಕ್ಷಿ. ಸಾಕ್ಷಿ ಹುಟ್ಟೋದು ಬೂತಿನಲ್ಲಿ, ಅಲ್ವಾ?

ಮಧ್ಯಾಹ್ನ ಒಬ್ಬ ಯುವಕ ಓಟು ಹಾಕಿ ಬಂದು, ಚೀಟಿಯಲ್ಲಿ ಬೇರೆ ಗುರುತು ಬಂತು ಅಂದ. ಇದಕ್ಕೆ 49ಎಂಎ ಅಂತ ನಿಯಮ ಇದೆ. ಅವನು ಲಿಖಿತ ಹೇಳಿಕೆ ಕೊಡಬೇಕು, ನಮ್ಮೆಲ್ಲರ ಎದುರು ಇನ್ನೊಂದು ಪರೀಕ್ಷಾ ಓಟು ಹಾಕಬೇಕು. ದೂರು ಸುಳ್ಳು ಅಂತ ಆದರೆ ಆವತ್ತಿಗೆ ಇದ್ದ ಕಾನೂನಿನಲ್ಲಿ 6 ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇದನ್ನ ಮೊದಲೇ ಅವನಿಗೆ ಹೇಳೋದು ನನ್ನ ಡ್ಯೂಟಿ. ಹೇಳಿದೆ. ಮುಖ ಸಪ್ಪಗಾಯ್ತು. "ಬುಡಿ ಸಾ, ನಂಗೇ ಸರ್ಯಾಗಿ ಕಾಣ್ನಿಲ್ವೇನೋ" ಅಂತ ಹೊರಟೇಹೋದ. ಚೀಟಿ ಕಾಣೋದೇ 7 ಸೆಕೆಂಡು. ಅವನು ತಪ್ಪಾಗಿ ನೋಡಿರಬಹುದು, ಸುಮ್ನೆ ನಮ್ಮನ್ನ ಆಟ ಆಡಿಸೋಕೆ ಬಂದಿರಬಹುದು. ಆದರೆ ನಿಜವಾಗಿ ಅನುಮಾನ ಬಂದವನೂ ಜೈಲಿನ ಮಾತು ಕೇಳಿದರೆ ಹೀಗೇ ಎದ್ದು ಹೋಗ್ತಾನೆ. ಈ ನಿಯಮ ನನಗೆ ಸರಿ ಕಾಣಲ್ಲ. ಅದೆಲ್ಲ ನಡೆಯುವಾಗ ಏಜೆಂಟರು ಒಂದೇ ಒಂದು ಪ್ರಶ್ನೆ ಕೇಳಲಿಲ್ಲ.

ಸಂಜೆ ಆರಕ್ಕೆ ಸಾಲಿನಲ್ಲಿದ್ದವರಿಗೆ ಟೋಕನ್ ಕೊಟ್ಟು, ಅವರದು ಮುಗಿಸಿ, ಕ್ಲೋಸ್ ಬಟನ್ ಒತ್ತಿದೆ. ಆಮೇಲೆ ಫಾರಂ 17ಸಿ. ಬೂತಿನಲ್ಲಿ ಬಿದ್ದ ಒಟ್ಟು ಓಟೆಷ್ಟು, ಯಂತ್ರದ ನಂಬರೇನು, ಎಲ್ಲ ಅದರಲ್ಲಿ ಬರೀಬೇಕು. ಹಾಜರಿರುವ ಪ್ರತಿ ಏಜೆಂಟಿಗೂ ಅದರ ನಕಲು ಕೊಟ್ಟು ಸಹಿ ತಗೋಬೇಕು. ಎಣಿಕೆ ದಿನ ಯಂತ್ರ ತೋರಿಸೋ ಲೆಕ್ಕಕ್ಕೂ ಕೈಯಲ್ಲಿರೋ ಈ ಹಾಳೆಗೂ ತಾಳೆ ನೋಡಬಹುದು. ವ್ಯತ್ಯಾಸ ಬಂದರೆ ಅದನ್ನೇ ಹಿಡಿದು 45 ದಿನದೊಳಗೆ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಬಹುದು. ಆ ಹೊತ್ತಿಗೆ ಒಬ್ಬ ಏಜೆಂಟ್ ಆಗಲೇ ಮನೆಗೆ ಹೋಗಿದ್ದ. ಉಳಿದವನಿಗೆ ಕೊಟ್ಟೆ. ನೋಡದೇ ಮಡಚಿ ಜೇಬಿಗೆ ಹಾಕಿದ.

ಮೇ ತಿಂಗಳಲ್ಲಿ ಇದೇ 17ಸಿ ಸುದ್ದಿಯಾಯ್ತು. ಬೂತುವಾರು ಲೆಕ್ಕವನ್ನ ವೆಬ್‌ಸೈಟಿಗೆ ಹಾಕಿಸಿ ಅಂತ ಚುನಾವಣಾ ಸುಧಾರಣೆಗೆ ಕೆಲಸ ಮಾಡೋ ಎಡಿಆರ್ ಸಂಸ್ಥೆ ಸುಪ್ರೀಂ ಕೋರ್ಟಿನಲ್ಲಿ ಕೇಳಿತ್ತು. ಚುನಾವಣೆಯ ನಡುವೆ ಮಧ್ಯಂತರ ಆದೇಶ ಕೊಡಲ್ಲ ಅಂತ ಮೇ 24ರಂದು ಕೋರ್ಟು ಹೇಳಿತು. ಹಾಕಿದರೆ ಏನು ನಷ್ಟ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಆ ವಾರವೇ ಸಂತೆಯಲ್ಲಿ ಆ ಏಜೆಂಟ್ ಸಿಕ್ಕ. ಅವರ ಪಕ್ಷದವರು ಟಿವಿಯಲ್ಲಿ ಇದನ್ನೇ ಹಿಡಿದು ಕೂಗಾಡ್ತಾ ಇದ್ದರು, ಅವನೂ ಜೋರಾಗಿ ಶುರು ಮಾಡಿದ. "ನಿನಗೆ ನಾನು ಕೊಟ್ಟ ನಕಲು ಇದೆಯೇನಪ್ಪಾ?" ಅಂದೆ.

"ಯಾವ್ದು ಮೇಷ್ಟ್ರೇ? ಆ ಹಾಳೆಯಾ? ಲೀಡ್ರು ಕಾರಲ್ಲಿ ಇರ್ಬೇಕು ನೋಡಿ."